ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದೆ, ಸರಿ. ಓಡಿಸೋನ ಲೈಸೆನ್ಸ್ ಚಾಲ್ತಿಯಲ್ಲಿದೆಯಾ?

ಸ್ನೇಹಿತರೆ, ಈ ವಾರ ಗೊಬ್ಬರ, ಔಷಧಿ, ರೋಗದ ವಿಷಯ ಅಲ್ಲ. ನಿಮ್ಮ ಜೇಬಿನಲ್ಲಿರೋ ಒಂದು ಚಿಕ್ಕ ಕಾರ್ಡಿನ ವಿಷಯ. ಇದನ್ನ ನಾನು ಪುಸ್ತಕ ನೋಡಿ ಕಲಿತಿಲ್ಲ, ಕೈ ಸುಟ್ಕೊಂಡು ಕಲಿತಿದ್ದು.

ನಾನು ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದು 2004ರಲ್ಲಿ, 20ನೇ ವಯಸ್ಸಿಗೆ. ಆಗಿನ ನಿಯಮದಂತೆ 20 ವರ್ಷದ ಅವಧಿ. ಇನ್ನೇನು ಚಿಂತೆ ಅಂತ ಪರ್ಸಿನಲ್ಲಿ ಇಟ್ಟೆ, ಮರೆತೆ. 2024ರ ಏಪ್ರಿಲ್‌ನಲ್ಲಿ ಅವಧಿ ಮುಗಿದಿತ್ತು, ನಾನು ನೋಡಲೇ ಇಲ್ಲ. ಅದೇ ನವೆಂಬರ್‌ನಲ್ಲಿ ಕಾರ್ಖಾನೆಗೆ ಕಬ್ಬು ಹೊಡೀತಿದ್ದಾಗ, ಸಂಜೆ ಮಬ್ಬುಗತ್ತಲಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಬಂದು ಟ್ರೇಲರ್‌ನ ಹಿಂದಿನ ಮೂಲೆಗೆ ಗುದ್ದಿದ. ಕಾಲು ಮುರೀತು. ಟ್ರೇಲರ್ ಹಿಂದಿನ ರಿಫ್ಲೆಕ್ಟರ್ ಪಟ್ಟಿ ಕಿತ್ತು ಹೋಗಿತ್ತು, ಅದು ನನ್ನದೇ ತಪ್ಪು.

ಇನ್ಶೂರೆನ್ಸ್ ಒಂದು ದಿನವೂ ತಪ್ಪದೆ ಕಟ್ಟಿದ್ದೆ. ಆದರೆ ಕಂಪನಿಯವರು ಮೊದಲು ಕೇಳಿದ್ದೇ ಡಿಎಲ್. "ಅಪಘಾತದ ದಿನ ಚಾಲಕನ ಬಳಿ ಚಾಲ್ತಿ ಲೈಸೆನ್ಸ್ ಇರಲಿಲ್ಲ" ಅಂತ ಬರೆದು ಕಳಿಸಿದ್ರು. ಕೇಸು ಇವತ್ತಿಗೂ ನಡೀತಿದೆ. ನಿಮಗೆ ಹೀಗಾಗಬಾರದು ಅಂತಲೇ ಈ ಲೇಖನ.

ಲೈಸೆನ್ಸ್ ಇಲ್ಲದಿದ್ರೆ ನಿಜವಾಗಿ ಏನಾಗುತ್ತೆ?

ಬಹಳ ಜನ ದಂಡದ ಲೆಕ್ಕ ಮಾತ್ರ ಹಾಕ್ತಾರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಓಡಿಸಿದ್ರೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ 5,000.

ದೊಡ್ಡ ಹೊಡೆತ ಇರೋದು ಬೇರೆ ಕಡೆ. ಅಪಘಾತದಲ್ಲಿ ಗಾಯಗೊಂಡವರಿಗೆ ನ್ಯಾಯಮಂಡಳಿ ಪರಿಹಾರ ಕೊಡಿಸುತ್ತೆ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರದಿದ್ದರೆ, "ಮೊದಲು ಕಂಪನಿ ಗಾಯಾಳುಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ" ಅನ್ನೋ ಆದೇಶ ಬರೋದು ಸಾಮಾನ್ಯ. ಅಂದ್ರೆ ಕೊನೆಗೆ ದುಡ್ಡು ಹೋಗೋದು ನಿಮ್ಮ ಮನೆಯಿಂದಲೇ. ಸಾವು ಅಥವಾ ಕಾಯಂ ಅಂಗವೈಕಲ್ಯ ಆದ್ರೆ ಆ ಮೊತ್ತ ಲಕ್ಷಗಳಲ್ಲಿ ಇರುತ್ತೆ. ನಿಮ್ಮ ಸ್ವಂತ ಗಾಡಿಯ ರಿಪೇರಿ ಕ್ಲೇಮಂತೂ ತಿರಸ್ಕಾರ ಆಗೋ ಸಾಧ್ಯತೆಯೇ ಹೆಚ್ಚು.

ಟ್ರ್ಯಾಕ್ಟರ್‌ಗೆ ಯಾವ ಲೈಸೆನ್ಸ್?

ಹಳ್ಳಿಯಲ್ಲಿ ಓಡಾಡೋ ತಪ್ಪು ಮಾತುಗಳನ್ನ ಒಂದೊಂದಾಗಿ ನೋಡೋಣ.

"ಕೃಷಿ ಟ್ರ್ಯಾಕ್ಟರ್‌ಗೆ ಲೈಸೆನ್ಸ್ ಬೇಡ." ತಪ್ಪು. ಕಾಯ್ದೆ ಹೇಳೋದು ಸಾರ್ವಜನಿಕ ಸ್ಥಳದಲ್ಲಿ ಓಡಿಸೋಕೆ ಲೈಸೆನ್ಸ್ ಬೇಕು ಅಂತ. ನಿಮ್ಮ ಹೊಲದ ಒಳಗೆ ಉಳುಮೆ ಮಾಡೋವರೆಗೆ ಆ ಪ್ರಶ್ನೆ ಬರಲ್ಲ. ಹೊಲದಿಂದ ಚಕ್ರ ರಸ್ತೆಗೆ ಇಳಿದ ಕ್ಷಣದಿಂದ ಬರುತ್ತೆ.

"ಬೈಕ್ ಲೈಸೆನ್ಸ್ ಇದೆ, ಸಾಕು." ಸಾಲದು. ಬೈಕ್‌ನದ್ದು ಬೇರೆ ವರ್ಗ. ಟ್ರ್ಯಾಕ್ಟರ್‌ಗೆ ಎಲ್‌ಎಂವಿ, ಅಂದ್ರೆ ಲಘು ಮೋಟಾರು ವಾಹನದ ಲೈಸೆನ್ಸ್ ಬೇಕು. ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರ್ ಈ ವರ್ಗದೊಳಗೇ ಬರುತ್ತೆ. ನಮ್ಮ ಕಡೆ ರೈತರು ಬಳಸೋ ಟ್ರ್ಯಾಕ್ಟರ್‌ಗಳೆಲ್ಲ ಇದಕ್ಕಿಂತ ಬಹಳ ಹಗುರ. ಕಾರಿನಲ್ಲಿ ಪರೀಕ್ಷೆ ಕೊಟ್ಟು ಎಲ್‌ಎಂವಿ ತಗೊಂಡಿದ್ರೆ ಟ್ರ್ಯಾಕ್ಟರೂ ಓಡಿಸಬಹುದು. ಆದರೆ ಟ್ರ್ಯಾಕ್ಟರ್‌ಗೆ ಮಾತ್ರ ಮಾಡಿಸಿದ ಲೈಸೆನ್ಸ್‌ನಲ್ಲಿ ಕಾರು ಓಡಿಸೋ ಹಾಗಿಲ್ಲ.

"ಟ್ರೇಲರ್ ಹಾಕಿದ್ರೆ ಲಾರಿ ಲೈಸೆನ್ಸ್ ಬೇಕು." ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ ಅಸಿಂಧು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಆದರೆ ಟ್ರೇಲರ್‌ಗೂ ನೋಂದಣಿ ಇರಬೇಕು, ಪಾಲಿಸಿಯಲ್ಲಿ ಅದರ ವಿವರ ಇರಬೇಕು. ನಿಮ್ಮ ಪಾಲಿಸಿ ತೆಗೆದು ಒಮ್ಮೆ ನೋಡಿ.

"ತರಕಾರಿ ಪಿಕಪ್‌ಗೆ ಬೇರೆ ಬ್ಯಾಡ್ಜ್ ಬೇಕು." 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲ ಬಗೆಹರಿಸಿತು. ಲೋಡ್ ಸೇರಿ ಒಟ್ಟು ತೂಕ 7,500 ಕೆಜಿಯೊಳಗಿನ ಸರಕು ವಾಹನವನ್ನ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು. ಟಾಟಾ ಏಸ್, ಬೊಲೆರೊ ಪಿಕಪ್ ಇದರೊಳಗೇ ಬರುತ್ತವೆ. ಮಾರ್ಕೆಟ್ಟಿಗೆ ಟೊಮೆಟೊ ಒಯ್ಯೋ ಹುಡುಗರಿಗೆ ಇದು ದೊಡ್ಡ ಅನುಕೂಲ.

ಹೊಸದಾಗಿ ಮಾಡಿಸೋದು ಹೇಗೆ?

18 ವರ್ಷ ತುಂಬಿರಬೇಕು. ಮೊಬೈಲ್‌ನಲ್ಲೇ ಪರಿವಾಹನ್ ಜಾಲತಾಣದ ಸಾರಥಿ ವಿಭಾಗಕ್ಕೆ ಹೋಗಿ ಕರ್ನಾಟಕ ಆಯ್ಕೆ ಮಾಡ್ಕೊಳ್ಳಿ.

1. ಮೊದಲು ಎಲ್‌ಎಲ್. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದ್ರೆ ಮನೆಯಲ್ಲೇ ಕೂತು ಆನ್‌ಲೈನ್ ಪರೀಕ್ಷೆ ಬರೀಬಹುದು. ರಸ್ತೆ ಚಿಹ್ನೆ, ನಿಯಮದ ಪ್ರಶ್ನೆಗಳು. ಪಾಸಾಗೋಕೆ ಶೇಕಡಾ 60 ಉತ್ತರ ಸರಿ ಇರಬೇಕು. ಬೈಕ್, ಎಲ್‌ಎಂವಿ ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಿ, ಓಡಾಟ ಉಳಿಯುತ್ತೆ.

2. ಕೇಂದ್ರದ ನಿಯಮದಂತೆ ಎಲ್‌ಎಲ್‌ಗೆ ಒಂದು ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಮುಂದೆ ಡ್ರೈವಿಂಗ್ ಪರೀಕ್ಷೆಗೆ ಒಂದು ವರ್ಗಕ್ಕೆ 300, ಲೈಸೆನ್ಸ್‌ಗೆ 200. ಕಾರ್ಡ್, ಸೇವಾ ಶುಲ್ಕ ಸೇರಿ ಸ್ವಲ್ಪ ಹೆಚ್ಚಾಗುತ್ತೆ. ಏಜೆಂಟರು ಕೇಳೋ ಸಾವಿರಗಳ ಜೊತೆ ಹೋಲಿಸಿ ನೋಡಿ.

3. ಎಲ್‌ಎಲ್ ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಡ್ರೈವಿಂಗ್ ಪರೀಕ್ಷೆಗೆ ಸ್ಲಾಟ್ ಬುಕ್ ಮಾಡಿ. 6 ತಿಂಗಳು ದಾಟಿದ್ರೆ ಮತ್ತೆ ಮೊದಲಿಂದ.

ಒಂದು ಎಚ್ಚರಿಕೆ. ಎಲ್‌ಎಲ್ ಅಂದ್ರೆ ಲೈಸೆನ್ಸ್ ಅಲ್ಲ, ಕಲಿಯೋ ಅನುಮತಿ ಅಷ್ಟೇ. ಗಾಡಿ ಹಿಂದೆ ಮುಂದೆ ಬಿಳಿ ಹಲಗೆಯಲ್ಲಿ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು. ಟ್ರ್ಯಾಕ್ಟರ್‌ನಲ್ಲಿ ಪಕ್ಕ ಕೂರೋ ಸೀಟೇ ಇಲ್ಲ. ಅದಕ್ಕೇ ನಾನು ಹೇಳೋದು, ಕಾರಿನಲ್ಲಿ ಕಲಿತು ಕಾರಿನಲ್ಲೇ ಪರೀಕ್ಷೆ ಕೊಡಿ. ಎಲ್‌ಎಲ್ ಹಿಡ್ಕೊಂಡು ಒಬ್ಬರೇ ಕಬ್ಬಿನ ಲೋಡ್ ಹೊಡೀಬೇಡಿ.

ಅವಧಿ ಎಷ್ಟು, ನವೀಕರಣ ಯಾವಾಗ?

ಸರಕು ಸಾಗಣೆಯದ್ದಲ್ಲದ ಲೈಸೆನ್ಸ್‌ಗೆ ಈಗಿನ ಲೆಕ್ಕ ಹೀಗಿದೆ:

- 30 ವರ್ಷದೊಳಗೆ ಮಾಡಿಸಿದ್ರೆ 40 ತುಂಬೋವರೆಗೆ
- 30ರಿಂದ 50ರೊಳಗೆ ಆದ್ರೆ 10 ವರ್ಷ
- 50ರಿಂದ 55ರೊಳಗೆ ಆದ್ರೆ 60 ತುಂಬೋವರೆಗೆ
- 55ರ ನಂತರ 5 ವರ್ಷ

ನನ್ನ ಹಾಗೆ ಹಳೇ 20 ವರ್ಷದ ಲೈಸೆನ್ಸ್ ಇರೋ ಅಪ್ಪ, ಚಿಕ್ಕಪ್ಪಂದಿರ ಕಾರ್ಡನ್ನೂ ತೆಗೆದು ನೋಡಿ. ಬಹಳ ಜನರದ್ದು ಈಗೀಗ ಮುಗೀತಿದೆ.

ಅವಧಿ ಮುಗಿಯೋ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದ ಮೇಲೂ ಒಂದು ವರ್ಷದೊಳಗೆ ಹಾಕಿದ್ರೆ ಮತ್ತೆ ಪರೀಕ್ಷೆ ಇಲ್ಲ. ಒಂದು ವರ್ಷ ದಾಟಿದ್ರೆ ಪರೀಕ್ಷೆ ಕೊಡಬೇಕು. 40 ದಾಟಿದವರಿಗೆ ವೈದ್ಯರ ಸಹಿ ಇರೋ ಫಾರಂ 1ಎ ಬೇಕು.

ನಾನು ಎಡವಿದ್ದು ಇಲ್ಲೇ, ಗಮನ ಕೊಡಿ. "ಒಂದು ವರ್ಷ ಟೈಮ್ ಇದೆ" ಅಂದ್ರೆ ಆ ಒಂದು ವರ್ಷ ಗಾಡಿ ಓಡಿಸಬಹುದು ಅಂತಲ್ಲ. ಮೊದಲು ಮುಗಿದ ಮೇಲೂ 30 ದಿನ ಲೈಸೆನ್ಸ್ ಚಾಲ್ತಿ ಅಂತ ಲೆಕ್ಕ ಇತ್ತು. 2019ರ ತಿದ್ದುಪಡಿ ಅದನ್ನ ತೆಗೆದುಹಾಕಿತು. ಈಗ ಮುಗಿದ ಮಾರನೇ ದಿನದಿಂದಲೇ ಲೈಸೆನ್ಸ್ ಇಲ್ಲದವರ ಲೆಕ್ಕ. ತಡವಾಗಿ ನವೀಕರಿಸಿದ್ರೆ ನವೀಕರಿಸಿದ ದಿನದಿಂದ ಚಾಲ್ತಿ, ಹಿಂದಿನ ದಿನಗಳಿಗೆ ಅನ್ವಯಿಸಲ್ಲ. ನಾನು ಡಿಸೆಂಬರ್‌ನಲ್ಲಿ ನವೀಕರಿಸಿದೆ. ನವೆಂಬರ್‌ನ ಆ ಸಂಜೆ ಮಾತ್ರ ಹಾಗೇ ಉಳೀತು.

ಇನ್ನು ಮೂರು ಮಾತು

ಮಕ್ಕಳ ಕೈಗೆ ಸ್ಟೇರಿಂಗ್ ಬೇಡ. 16ರ ಹುಡುಗ ಚೆನ್ನಾಗಿ ಓಡಿಸ್ತಾನೆ ಅಂತ ನಾವು ಹೆಮ್ಮೆ ಪಡ್ತೀವಿ. ಅಪ್ರಾಪ್ತರು ಅಪರಾಧ ಮಾಡಿದ್ರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಸಿಗಲ್ಲ.

ಮಡ್‌ಗಾರ್ಡ್ ಮೇಲೆ ಜನ ಕೂರಿಸಬೇಡಿ. ಟ್ರ್ಯಾಕ್ಟರ್‌ನಲ್ಲಿ ಇರೋದು ಚಾಲಕನ ಸೀಟು ಒಂದೇ. ಅಲ್ಲಿ ಕೂತವರು ಬಿದ್ರೆ ಇನ್ಶೂರೆನ್ಸ್ ಕೈ ಕೊಡುತ್ತೆ, ನಿಮ್ಮ ಲೈಸೆನ್ಸ್ ಎಷ್ಟೇ ಸರಿ ಇದ್ರೂ.

ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಫೈಲ್ ಒತ್ತಬೇಡಿ. "ನಿಮ್ಮ ಗಾಡಿ ಮೇಲೆ ಚಲನ್ ಇದೆ" ಅಂತ ಪರಿವಾಹನ್ ಹೆಸರಲ್ಲಿ ಬರೋ ಆ ಫೈಲ್ ಹಾಕ್ಕೊಂಡ್ರೆ ಬ್ಯಾಂಕ್ ಖಾತೆ ಖಾಲಿ ಆಗುತ್ತೆ. ಚಲನ್ ನೋಡ್ಬೇಕಾದ್ರೆ ನೀವೇ ಜಾಲತಾಣಕ್ಕೆ ಹೋಗಿ ನೋಡಿ.

ಇವತ್ತೇ ಮಾಡಿ, ಹತ್ತು ನಿಮಿಷದ ಕೆಲಸ

- ಕಾರ್ಡ್ ತೆಗೆದು ಕೊನೆಯ ದಿನಾಂಕ ಓದಿ.
- ಅದಕ್ಕೆ ಆರು ತಿಂಗಳ ಮೊದಲಿನ ದಿನಕ್ಕೆ ಫೋನಿನ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿ.
- ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆಪ್‌ಗೆ ಡಿಎಲ್ ಸೇರಿಸಿ. ತಪಾಸಣೆಯಲ್ಲಿ ಅದು ಅಸಲಿ ಕಾರ್ಡಿಗೆ ಸಮ. ಗ್ಯಾಲರಿಯಲ್ಲಿರೋ ಫೋಟೊ ಅಲ್ಲ.
- ಹಳೇ ಪುಸ್ತಕದ ಲೈಸೆನ್ಸ್ ಆಗಿದ್ದು ಆನ್‌ಲೈನ್‌ನಲ್ಲಿ ಕಾಣದಿದ್ರೆ, ಅದನ್ನ ಹಿಡ್ಕೊಂಡು ಆರ್‌ಟಿಒ ಕಚೇರಿಗೆ ಹೋಗಿ.
- ಕೂಲಿ ಡ್ರೈವರ್ ಇಟ್ಟಿದ್ರೆ ಅವರ ಲೈಸೆನ್ಸ್ ದಿನಾಂಕವನ್ನೂ ಬರೆದಿಟ್ಕೊಳ್ಳಿ. ಸೀಸನ್ ಶುರುವಾಗೋ ಮುಂಚೆ ಕೇಳಿ, ನಾಚಿಕೆ ಬೇಡ.

ಆ ಹುಡುಗ ಈಗ ನಡೀತಾನೆ, ಸ್ವಲ್ಪ ಕುಂಟ್ತಾನೆ. ಟ್ರೇಲರ್‌ಗೆ ಹೊಸ ರಿಫ್ಲೆಕ್ಟರ್ ಹಾಕಿಸಿದ್ದೀನಿ. ನನ್ನ ಲೈಸೆನ್ಸ್ 2034ರವರೆಗೆ ಇದೆ. ರಿಮೈಂಡರ್ ನನ್ನ ಫೋನಿನಲ್ಲೂ ಇದೆ, ಮಗಳ ಫೋನಿನಲ್ಲೂ ಇದೆ.