ಪಾಕದ ಮರ್ಮ

ಬೆಳಗಾವಿಯೆಂದೊಡನೆ ವಾಚಕರಿಗೆ ಕುಂದಾ ನೆನಪಾಗುವುದು ಸಹಜವೇ. ಆದರೆ ಮಗ್ಗಗಳ ಸದ್ದಿನೊಡನೆ ಬೆಳಗಾಗುವ ವಡಗಾವಿಯ ನಮ್ಮ ಮನೆಯಲ್ಲಿ ದೀಪಾವಳಿಯೆಂದರೆ ಗುಲಾಬಜಾಮೂನು. ಮೂವತ್ತು ವರುಷ ಅದನ್ನು ಮಾಡಿದ ಕೈಗಳು ನಮ್ಮ ಮನೆಯವರವು. ಗುಣದೋಷಗಳನ್ನು ವಿವೇಚಿಸಿದ ನಾಲಗೆ ಮಾತ್ರ ನಮ್ಮದು. ಕಳೆದ ವರುಷ ಸಂಧಿವಾತದಿಂದ ಅವರ ಬೆರಳುಗಳು ಮಡಿಚದಾದವು. ಮಗಳು ತವರಿಗೆ ಬರುವವಳಿದ್ದಳು. “ಈ ಸಲ ಅಂಗಡಿಯಿಂದ ತಂದರಾಯಿತು” ಎಂದ ಅವರ ಧ್ವನಿಯೊಳಗಿನ ವ್ಯಥೆಯನ್ನರಿತು, ನಾವೇ ಒಲೆಯ ಮುಂದೆ ನಿಂತೆವು.

ಇದರಲ್ಲಿ ನಾಚಿಕೆಗೆ ಕಾರಣವಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಕ್ಷೀರಪ್ರಕಾರ’ವೆಂಬ ಭಕ್ಷ್ಯವು ಬಂದಿದೆ. ಒಡೆದ ಹಾಲಿನ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ, ಉಂಡೆಗಟ್ಟಿ, ತುಪ್ಪದಲ್ಲಿ ಕರಿದು ಸಕ್ಕರೆಯ ಪಾಕಕ್ಕೆ ಹಾಕುವುದೇ ಅದರ ಕ್ರಮ. ಹೆಸರಾದರೋ ಎರಡು ಭಾಷೆಗಳ ಸಂಧಿ: ‘ಗುಲಾಬ’ವು ಪಾರಸಿಯ ಹೂನೀರು, ‘ಜಾಮೂನು’ ಸಂಸ್ಕೃತದ ಜಂಬೂ, ಅರ್ಥಾತ್ ನಮ್ಮ ನೇರಳೆ.

ಅರಸನ ಗ್ರಂಥವನ್ನು ಬಲ್ಲೆವಾದರೂ ನಮ್ಮ ಮೊದಲ ಪ್ರಯತ್ನವು ಕೆಟ್ಟಿತು. ಆತುರದಿಂದ ಉರಿ ಹೆಚ್ಚಿಸಲು, ಉಂಡೆಗಳು ಹೊರಗೆ ಕಪ್ಪಾಗಿ ಒಳಗೆ ಹಸಿಯುಳಿದವು. ಎಳೆಪಾಕಕ್ಕೆ ಹಾಕಿದಾಗ ಅದು ಒಳಗಿಳಿಯದೆ ಗೋಲಿಗಳಂತೆ ಬಿರುಸಾದವು. ಮನೆಯವರು ನಗಲಿಲ್ಲ, ಕುರ್ಚಿ ಹಾಕಿಸಿಕೊಂಡು ಪಾಠ ಹೇಳತೊಡಗಿದರು. ಅವರು ‘ಹಿಡಿ’, ‘ಬೊಗಸೆ’ ಎಂದುದನ್ನು ನಾವು ತೂಗಿ ಬರೆದುಕೊಂಡೆವು.

ಖವಾ 250 ಗ್ರಾಂ, ಮೈದಾ 40 ಗ್ರಾಂ, ಅಡಿಗೆ ಸೋಡಾ ಒಂದು ಚಿಟಿಕೆ. ಒಂದೂಕಾಲು ಲೀಟರ ಎಮ್ಮೆಯ ಹಾಲನ್ನು ತಳ ಹಿಡಿಯದಂತೆ ತಿರುವುತ್ತ ಇಂಗಿಸಿದರೆ ಇಷ್ಟು ಖವಾ ಮನೆಯಲ್ಲಿಯೇ ದೊರೆಯುವುದು. ಕೊಂಡು ತಂದದ್ದಾದರೆ, ಚೂರನ್ನು ನೀರಿನಲ್ಲಿ ಕುದಿಸಿ ಆರಿಸಿ, ಟಿಂಕ್ಚರ್ ಅಯೋಡಿನ್ನಿನ ಒಂದು ಹನಿ ಬಿಡಬೇಕು. ನೀಲಿಯಾದರೆ ಹಿಟ್ಟು ಬೆರೆತಿದೆಯೆಂದು ತಿಳಿಯತಕ್ಕದ್ದು. ಪರೀಕ್ಷಿಸಿದ ಚೂರನ್ನು ಚೆಲ್ಲಿಬಿಡಬೇಕು.

ಖವೆಯನ್ನು ಗಂಟಿಲ್ಲದಂತೆ ಅಂಗೈಯಿಂದ ಉಜ್ಜಿ, ಉಳಿದವನ್ನು ಕೂಡಿಸಿ, ಬೇಕಾದರೆ ಹಾಲು ಚಿಮುಕಿಸಿ ಮೃದುವಾಗಿ ನಾದಬೇಕು. ಉಂಡೆಯಲ್ಲಿ ಬಿರುಕು ಇರಕೂಡದು. ಮೊದಲು ಒಂದನ್ನೇ ಕರಿದು ನೋಡಬೇಕು. ಒಡೆದರೆ ಇನ್ನಷ್ಟು ಮೈದಾ ಸೇರಿಸಬೇಕು. ಉರಿ ಸಣ್ಣದಿರಲಿ, ಉಂಡೆಗಳನ್ನು ತಿರುಗಿಸುತ್ತ ಹೊಂಬಣ್ಣವೇರಿ ಕೆಂಪಾಗುವವರೆಗೆ ಕರಿಯಬೇಕು.

ಪಾಕಕ್ಕೆ ಸಕ್ಕರೆ 400 ಗ್ರಾಂ, ನೀರು ಅಷ್ಟೇ ತೂಕ. ಬೆರಳಿಗೆ ಅಂಟಬೇಕು, ಎಳೆ ಬರಬಾರದು, ಇದೇ ಮರ್ಮ. ನಾಲ್ಕು ಹನಿ ನಿಂಬೆರಸ ಬಿದ್ದರೆ ಸಕ್ಕರೆ ಮರಳಿ ಹರಳುಗಟ್ಟದು. ಇಳಿಸಿದ ಮೇಲೆ ಏಲಕ್ಕಿ, ಗುಲಾಬಿನೀರು. ಬಿಸಿ ಉಂಡೆಗಳನ್ನು ಕುದಿಯದ, ಬೆಚ್ಚನೆಯ ಪಾಕದಲ್ಲಿ ಎರಡು ಮೂರು ತಾಸು ನೆನೆಯಿಸತಕ್ಕದ್ದು.

ಹಬ್ಬದ ದಿನ ಮಗಳು ಒಂದನ್ನು ಬಾಯಿಗಿಟ್ಟು, “ಅವ್ವಾ, ನಿನ್ನ ಕೈರುಚಿ ಹಾಗೆಯೇ ಇದೆ” ಎಂದಳು. ಮನೆಯವರು ನಮ್ಮ ಮುಖ ನೋಡಿದರು. ನಾವು ಸುಮ್ಮನಿದ್ದೆವು, ಅವಳು ಹೇಳಿದುದು ನಿಜವೇ ಆಗಿತ್ತು.

ಗೃಹಸ್ಥರೇ, ನಿಮ್ಮ ಮನೆಯ ‘ಹಿಡಿ’ ‘ಚಿಟಿಕೆ’ಗಳನ್ನು, ಆ ಕೈಗಳು ಗಟ್ಟಿಯಾಗಿರುವಾಗಲೇ ಬರೆದಿಟ್ಟುಕೊಳ್ಳಿರಿ.