ಕಾರ್ತಿಕದ ಕಾಯಿಗಳು

ಸ್ವಾತಿಯ ಮಳೆ ಹಿಂದೆ ಸರಿದು, ಆಕಾಶವು ನಿರ್ಮಲವಾಗಿ, ಕಾರ್ತಿಕದ ಎಳೆಬಿಸಿಲು ಹಿತ್ತಿಲಿಗೆ ಬೀಳತೊಡಗಿದೊಡನೆ, ಶ್ರಾವಣ ಭಾದ್ರಪದಗಳಲ್ಲಿ ಹೂವಿನಿಂದ ತುಂಬಿದ್ದ ಗಿಡಗಳು ಕಂದಿ ದೀನವಾಗಿ ನಿಂತುದನ್ನು ಕಂಡು, ಅಂಗಳವನ್ನು ಚೊಕ್ಕಟಗೊಳಿಸುವ ಆತುರದಲ್ಲಿ ಅವನ್ನು ಬುಡಸಹಿತ ಕಿತ್ತೆಸೆಯುವ ಗೃಹಸ್ಥರು ನಮ್ಮಲ್ಲಿ ಬಹುಮಂದಿ. ಈ ಚೊಕ್ಕಟತನವನ್ನು ನಾನು ಒಪ್ಪಲಾರೆ. ಗಿಡವು ಯಾವ ಕಾರ್ಯಕ್ಕಾಗಿ ಹೂ ಬಿಟ್ಟಿತೋ ಆ ಕಾರ್ಯವು ಸಿದ್ಧಿಸುವುದು ಈ ಬಾಡಿದ ಕಾಲದಲ್ಲಿಯೇ.

ಕರ್ಣಕುಂಡಲದ ಕಾಯಿಯನ್ನು ನೋಡಬೇಕು. ನವಿರಾದ ರೋಮಗಳಿಂದ ಕೂಡಿ ಉಬ್ಬಿನಿಂತ ಆ ಹಸುರು ಕಾಯಿಯು, ಮಾಗಿದ ವೇಳೆಯಲ್ಲಿ ಬೆರಳು ಸೋಕಿದ ಮಾತ್ರಕ್ಕೆ ಸಿಡಿದು, ತನ್ನ ಐದು ಸಿಪ್ಪೆಗಳನ್ನು ಕ್ಷಣಾರ್ಧದಲ್ಲಿ ಒಳಮುಖವಾಗಿ ಸುರುಳಿಗೊಳಿಸಿ, ಬೀಜಗಳನ್ನು ದೂರಕ್ಕೆ ಚಿಮ್ಮಿಬಿಡುತ್ತದೆ. ಹಳ್ಳಿಯ ಮಕ್ಕಳಿಗೆ ಇದೊಂದು ತೀರದ ವಿನೋದ. ಸಿಪ್ಪೆಯ ಹೊರಪದರದ ಕೋಶಗಳು ನೀರು ತುಂಬಿಕೊಂಡು ಹಿಗ್ಗಲು ಹವಣಿಸುತ್ತಿರುವಾಗ ಒಳಪದರವು ಹಿಗ್ಗದೆ ಅವನ್ನು ತಡೆದು ಹಿಡಿದಿರುತ್ತದೆ. ಬಿಲ್ಲಿನಂತೆ ಹೆದೆಯೇರಿದ ಈ ಬಿಗಿತಕ್ಕೆ ಒಂದು ಸ್ಪರ್ಶವೇ ಸಾಕು. ಶಂಖಪುಷ್ಪದ ಕಾಯಿಯು ಸಿಡಿಯುವುದಾದರೋ ನೀರು ತುಂಬಿದುದರಿಂದಲ್ಲ, ನೀರು ಆರಿದುದರಿಂದ. ಚಪ್ಪಟೆಯಾದ ಅದರ ಎರಡು ಹೋಳುಗಳೊಳಗೆ ನಾರುಗಳು ಓರೆಯಾಗಿ ಹಾಸಿರುವುದರಿಂದ, ಬಿಸಿಲಿಗೆ ಒಣಗುತ್ತ ಹೋದಂತೆ ಅವು ತಿರುಚಿಕೊಳ್ಳಬಯಸಿ, ಕಡೆಗೊಂದು ಮಧ್ಯಾಹ್ನ ಚಿಟಿಲೆಂದು ಬೇರ್ಪಡುತ್ತವೆ.

ಬೇಲಿಯ ಮೇಲೆ ಹಬ್ಬಿದ ಗುಲಗಂಜಿಯ ಬಳ್ಳಿಗೆ ಈ ಅವಸರವಿಲ್ಲ. ಚಳಿ ಬಲಿತ ಮೇಲೆ ಅದರ ಕಾಯಿ ಒಡೆದರೂ, ಅಕ್ಕಸಾಲಿಗರ ತಕ್ಕಡಿಯಲ್ಲಿ ತಲೆಮಾರುಗಳ ಕಾಲ ಚಿನ್ನವನ್ನು ತೂಗಿದ ಆ ಕೆಂಪು ಬೀಜಗಳು, ಕಪ್ಪು ಬೊಟ್ಟಿಟ್ಟುಕೊಂಡು, ಸಿಪ್ಪೆಗೆ ಅಂಟಿಕೊಂಡೇ ಬಹುಕಾಲ ಇರುತ್ತವೆ. ಅಗಿದು ನುಂಗಿದರೆ ಪ್ರಾಣಾಪಾಯ ತರುವಷ್ಟು ತೀವ್ರವಾದ ವಿಷವು ಆ ಸೊಬಗಿನಲ್ಲಿ ಅಡಗಿರುವುದರಿಂದ, ಮಕ್ಕಳಿರುವ ಮನೆಯವರು ಎಚ್ಚರ ತಪ್ಪಲಾಗದು.

ಹರಿವೆಯ ತೆನೆಗಳನ್ನು ಒಂದೆರಡಾದರೂ ಕೊಯ್ಯದೆ ಉಳಿಸಿದವರ ಹಿತ್ತಿಲಿಗೆ ರಾಟವಾಳಗಳು ಗುಂಪಾಗಿ ಬಂದು, ಬಾಗಿದ ತೆನೆಗೆ ಜೋತುಬಿದ್ದು, ಕರಿಯ ಮಿರುಗುವ ಕಾಳುಗಳನ್ನು ಹೆಕ್ಕುವುದುಂಟು. ಹಕ್ಕಿಗೂ ಪಾಲು ಸಂದು, ಉದುರಿದ ಕಾಳು ಮುಂಗಾರಿನಲ್ಲಿ ತಾನಾಗಿ ಮೊಳೆಯುತ್ತದೆ.

ಬೀಜಕ್ಕೆಂದು ಬೆಳೆಯ ಒಂದಂಶವನ್ನು ಗಿಡದಲ್ಲಿಯೇ ಬಲಿಯಗೊಡುವುದು, ಒಣಗಿದ ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಕಾಳು ತುಂಬಿಡುವುದು, ಸೌತೆಯ ಬೀಜವನ್ನು ಸಗಣಿಯೊಡನೆ ಗೋಡೆಗೆ ತಟ್ಟಿಡುವುದು, ಇವೆಲ್ಲ ನಮ್ಮ ಅಜ್ಜಿಯರ ನಿತ್ಯದ ಗೃಹಕೃತ್ಯಗಳಾಗಿದ್ದುವು. ಅಂಗಡಿಯಿಂದ ತಂದ ಸಂಕರತಳಿಯ ಬೀಜದ ಸಂತತಿಯು ತಾಯಿಗಿಡವನ್ನೇ ಹೋಲುವುದೆಂಬ ಭರವಸೆಯಿಲ್ಲ. ಹಿತ್ತಿಲಿನ ನಾಟಿ ತಳಿಯಾದರೆ, ಅನ್ಯ ತಳಿಯೊಡನೆ ಬೆರೆಯದಿದ್ದಲ್ಲಿ, ವರ್ಷವರ್ಷವೂ ತನ್ನತನವನ್ನು ಕಾಯ್ದುಕೊಳ್ಳುವುದು. ಕರ್ಣಕುಂಡಲದ ಬೀಜ ಬೇಕಾದವರು, ಕಾಯಿಯ ಹಸುರು ತಿಳಿಯಾಗುವ ಹೊತ್ತಿಗೆ ತೆಳುಬಟ್ಟೆಯ ಪುಟ್ಟ ಚೀಲವೊಂದನ್ನು ಅದಕ್ಕೆ ಸಡಿಲವಾಗಿ ಕಟ್ಟಿ, ಸಿಡಿದುದನ್ನು ನೆರಳಿನಲ್ಲಿ ಆರಿಸಿ ತೆಗೆದಿಡಬಹುದು.