ಸೋರುವ ಗಾಡಿ

ಪ್ರೌಢಶಾಲೆಗಳಿಗೆ ಪ್ರಯೋಗಸಾಮಗ್ರಿಯನ್ನು ಒಯ್ಯುವ ನಮ್ಮ ಪುಟ್ಟ ಟ್ರೇಲರು ಕಡೂರನ್ನು ಬಿಟ್ಟಾಗ ಬಿಸಿಲಿದ್ದಿತು. ತರೀಕೆರೆಯಲ್ಲಿ ಮಳೆ ಹಿಡಿಯಿತು. ಬಾಗಿಲು ತೆರೆದು ನೋಡಲು, ಸೂಕ್ಷ್ಮದರ್ಶಕದ ಪೆಟ್ಟಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದಿತು. ಅದರ ನೇರಕ್ಕೆ ಮೇಲಿನ ತಗಡಿಗೆ ಡಾಂಬರು ಬಳಿದೆವು. ಸೋರಿಕೆ ನಿಲ್ಲಲಿಲ್ಲ. ಭೌತಶಾಸ್ತ್ರ ಬೋಧಿಸುವವರು ಮಾಡಬಾರದ ತಪ್ಪು! ಒಳಹೊಕ್ಕ ನೀರು ತೊಲೆಯ ಅಡಿಯನ್ನು ಅಂಟಿಕೊಂಡು ಇಳಿಜಾರಿಗೆ ಹರಿದು ದೂರದಲ್ಲಿ ಉದುರುತ್ತದೆ. ತಗಡಿನ ಮೇಲೆ ತಗಡು ಕೂಡುವಲ್ಲಿ ಅದು ಮೇಲಕ್ಕೂ ಏರಬಲ್ಲದು: ಲೋಹವು ಚೊಕ್ಕಟವಾಗಿದ್ದರೆ, 0.1 ಮಿಲಿಮೀಟರಿನ ಸಂದಿನಲ್ಲಿ ಕೇಶಾಕರ್ಷಣೆಯಿಂದ ಸುಮಾರು 15 ಸೆಂಟಿಮೀಟರು.

ಅಜ್ಜಂಪುರದಲ್ಲಿ ಮಳೆ ಬಿಟ್ಟಿತು. ಕಿಟಕಿಗಳನ್ನು ಮುಚ್ಚಿ, ಒಳಗೆ ಬ್ಲೋವರಿನಿಂದ ಗಾಳಿಯೂದಿ, ಹೊರಗಿನ ಸಂದು ತಿರುಪುಗಳಿಗೆಲ್ಲ ಸಾಬೂನುನೀರು ಸವರಿದೆವು. ಗುಳ್ಳೆಯೆದ್ದದ್ದು ಮೂರು ಅಡಿ ಮುಂದೆ, ದೀಪದ ತಿರುಪಿನ ಬುಡದಲ್ಲಿ! ಹಳೆಯ ಅಂಟನ್ನು ಕೆರೆದು, ಒಣಗಿಸಿ, ರಬ್ಬರ್ ಬಿಲ್ಲೆ ಕೊಟ್ಟು ಬಿಗಿದೆವು. ಸೂಕ್ಷ್ಮದರ್ಶಕದ ಮಸೂರದೊಳಗಿನ ಮಬ್ಬು ಮಾತ್ರ ಇನ್ನೂ ಆರಿಲ್ಲ.